ಚಾಪೆಯ ತುಣುಕು
ಆಪಿಯಾ, ೧೨ ಆಗಸ್ಟ್ ೨೦೦೬, ಶನಿವಾರ

ವಾರವಿಡೀ ಸತಾಯಿಸಿದ ಕಂಪ್ಯೂಟರು ಕೊನೆಗೂ ಹಳೇ ಟೇಪನ್ನು ಡಿವಿಡಿ ಮಾಡಿಕೊಟ್ಟಿತು! ಖುಷಿಗೆ ಅಕ್ಷರಗಳು ಸೊಟ್ಟಗಾಗುತ್ತಿವೆ. ತಂಗಿ ಫಿಲೀಸಿಯ ಮದುವೆಯ ಟೇಪು ಅದು. ಅಂದು ಸಂಜೆ ಪ್ರಾರ್ಥನೆಯ ಶಂಖ ಊದಿದೊಡನೆ ಇಯೋಸೆಫೊ ಮಾಮ ಕೆಂಪು ದೀಪ ಉರಿಯುತ್ತಿದ್ದ ಕ್ಯಾಮೆರಾ ಕೆಳಗಿಟ್ಟ, ಆರಿಸಲು ಮರೆತ. ಅಲ್ಲಿಂದ ಟೇಪಿನಲ್ಲಿ ಕಾಣುವುದು ಬರೀ ಚಾಪೆ.

“ಆ ಚಾಪೆ ಕತ್ತರಿಸಿ ಬಿಸಾಕೇ” ಎಂದಿದ್ದ ಮಾಮ.

ಕತ್ತರಿಸಲಿಲ್ಲ. ಅದರಲ್ಲಿ ಅಜ್ಜಿ ಹಾಡುತ್ತಾಳೆ! ಬದುಕಿದ್ದಷ್ಟು ದಿನ ಕ್ಯಾಮೆರಾ ಮುಂದೆ ಒಮ್ಮೆಯೂ ನಿಂತವಳಲ್ಲ.

ಇವತ್ತು ಮನೆಯವರೆಲ್ಲ ಉಸಿರು ಬಿಗಿಹಿಡಿದು ಆ ಚಾಪೆಯನ್ನೇ ನೋಡಿದೆವು. ಹಾಡು ಮುಗಿಯಿತು. ಟೀವಿಯೊಳಗಿಂದ ಅಜ್ಜಿ ಗದರಿದಳು: “ಯಾವನೋ ಅವ್ನು, ಪ್ರಾರ್ಥನೆ ಹೊತ್ತಲ್ಲಿ ಕೆಂಪು ದೀಪ ಹಚ್ಕೊಂಡಿರೋನು? ಆರಿಸೋ!”

ಅರವತ್ತು ದಾಟಿದ ಮಾಮ “ಆಯ್ತಮ್ಮಾ” ಎಂದು ದಡಬಡಿಸಿ ಎದ್ದು ಟೀವಿ ಆರಿಸಿಬಿಟ್ಟ.