ಯೋಹಾನ್ ಮರಳಿ ಬರಲೇ ಇಲ್ಲ

ಫೆಬ್ರವರಿ ೩೧, ೨೪೧೮

ಇನ್ನೂ ಹುಟ್ಟದ, ಹುಟ್ಟಿದರೂ ಓದದ, ಓದಿದರೂ ಒಪ್ಪದ ಮಾನ್ಯ ಮರಿಮಕ್ಕಳ ಮಹಾಸಭೆಗೆ ಗದಗಿನ ಒಬ್ಬ ಹಿರಿಯನ ವಿಜ್ಞಾಪನೆ. ನನ್ನ ಮಾತು ನಿಮಗೆ ವಿಚಿತ್ರವೆನಿಸಿದರೆ ಕ್ಷಮಿಸಿ. ಮನೆಯಲ್ಲೂ ಹಾಗೆಯೇ ಅನ್ನುತ್ತಾರೆ.

ನಮ್ಮ ಕಾಲದಲ್ಲಿ ತಡೆಗೆರೆ ಇಲ್ಲ. ತಡೆಗೆರೆಯೆಂದರೆ ಹಿಂದಿನವರು ನೆಲದ ಮೇಲೆ ಎಳೆದು, ಅದರಾಚೆಗೆ ಮನುಷ್ಯರನ್ನು ನಿಲ್ಲಿಸುತ್ತಿದ್ದ ಗೆರೆ. ಈಗ ಬೆಳಿಗ್ಗೆ ಗದಗಿನಲ್ಲಿ ಗಿರಮಿಟ್ ತಿಂದು ಗಾಳಿಗಾಡಿ ಹತ್ತಿದರೆ, ಬಾಯಿಯ ಖಾರ ಆರುವುದರೊಳಗೆ ಜರ್ಮನಿಯ ಬಂದರು. ಮೊನ್ನೆ ನಾನೂ ನನ್ನ ಹೆಂಡತಿ ಶಿವಲೀಲಾಳೂ ಅಲ್ಲಿನ ವಲಸೆ ಮ್ಯೂಸಿಯಂಗೆ ಹೋಗಿದ್ದೆವು. ಐದಾರು ನೂರು ವರ್ಷಗಳ ಹಿಂದೆ ಯುರೋಪು ಬಿಟ್ಟು ಅಮೆರಿಕದ ಹಡಗು ಹತ್ತಿದವರ ಕಥೆ ಅಲ್ಲಿದೆ. ಬಾಗಿಲಲ್ಲೇ ಒಬ್ಬ ವಲಸಿಗನ ಹೆಸರಿನ ಚೀಟಿ ಕೊಡುತ್ತಾರೆ. ಒಳಗೆ ನೀವು ಅವನಾಗಿ ನಡೆಯಬೇಕು. ನಮಗೆ ಬಂದವನು ಯೋಹಾನ್, ಪೀಪಾಯಿ ಮಾಡುವ ಬಡಗಿ. ಹೊರಡಲು ಕಾರಣ: ಹಸಿವು. ಜೊತೆಗೆ ಹೆಂಡತಿ, ಆರು ಮಕ್ಕಳು, ಒಂದು ಪಿಟೀಲು. ಅಧಿಕಾರಿಯ ಕಟ್ಟಿಗೆಯ ಗೊಂಬೆಯ ಮುಂದೆ ಚೀಟಿ ಹಿಡಿದರೆ ಎರಡು ಪ್ರಶ್ನೆ, ಒಂದು ಠಸ್ಸೆ, ಮುಗಿಯಿತು.

ಶಿವಲೀಲಾ ಸೊಂಟದ ಮೇಲೆ ಕೈಯಿಟ್ಟು ನಿಂತಳು. “ಏನ್ರೀ, ಇವಂಗ ಮದುವಿ ಫೋಟೋ ಕೇಳಿಲ್ಲಲ್ರೀ? ಬಾಸಿಂಗದಾಗ ಮಾರಿ ಕಾಣವಲ್ದು ಅಂತ ತಿರುಗಿ ಕಳಿಸಿಲ್ಲಲ್ರೀ?”

ಕಳಿಸಿಲ್ಲ. ಅವರ ಹರಿದ ಬೂಟಿಗೆ ಗಾಜಿನ ಪೆಟ್ಟಿಗೆ, ಮುರಿದ ಟ್ರಂಕಿಗೆ ಮೆಲ್ಲನೆಯ ದೀಪ. ಹಸಿದು ಹೊರಟವರೆಲ್ಲ ಅಲ್ಲಿ ಸಾಹಸಿಗಳು. ಅದೇ ದಡದಲ್ಲಿ ಮುಂದೆ ತಡೆಗೆರೆಯ ಪಹರೆ ಕೂತಿತಲ್ಲ, ಅದರ ಬಗ್ಗೆ ಒಂದು ಬೋರ್ಡೂ ಇಲ್ಲ. ತಾವು ಹೊರಟರೆ ಧೀರ, ಬೇರೆಯವರು ಬಂದರೆ ಭಾರ. ಕೊನೆಯ ಗೋಡೆಯ ಮೇಲೆ ಚಿನ್ನದ ಅಕ್ಷರ: ‘ಯೋಹಾನ್ ಮರಳಿ ಬರಲೇ ಇಲ್ಲ.’ ಜನ ಅದರ ಮುಂದೆ ನಿಂತು ನಗುತ್ತಾ ಫೋಟೋ ತೆಗೆಸಿಕೊಳ್ಳುತ್ತಿದ್ದರು.

ಮರಿಮಕ್ಕಳೇ, ನಿಮ್ಮಲ್ಲಿ ನನ್ನದೊಂದೇ ಬೇಡಿಕೆ. ಆ ಗೋಡೆಯ ಎದುರು ಇನ್ನೊಂದು ಗೋಡೆ ಕಟ್ಟಿ, ಹೊರಡಲಾಗದವರ ಚೀಟಿಗಳನ್ನು ಅದಕ್ಕೆ

ಸಾಕು. ಫೆಬ್ರವರಿಗೆ ಮೂವತ್ತೊಂದಿಲ್ಲ, ನನಗೆ ಮರಿಮಕ್ಕಳಿಲ್ಲ, ಆ ಮ್ಯೂಸಿಯಂಗೆ ನಾನು ಕಾಲಿಟ್ಟಿಲ್ಲ. ಶಿವಲೀಲಾ ಆ ಊರಿನ ಆಸ್ಪತ್ರೆಯಲ್ಲಿ ನರ್ಸು. ಭಾನುವಾರ ಒಬ್ಬಳೇ ಹೋಗಿ ವಿಡಿಯೋ ಕಾಲಿನಲ್ಲಿ ತೋರಿಸಿದಳು. ಎರಡು ವರ್ಷದಿಂದ ಅವಳನ್ನು ನೋಡುವುದು ಫೋನಿನಲ್ಲಷ್ಟೇ. ಹದಿನೈದು ದಿನ ಜೊತೆಗಿದ್ದು ಬರುತ್ತೇನೆಂದು ವೀಸಾ ಕೇಳಿದ್ದೆ. ಮೊದಲ ಸಲ ಮದುವೆ ಫೋಟೋದ ಬಾಸಿಂಗ ಅಡ್ಡ ಬಂತು. ಇವತ್ತು ಮೂರನೇ ಸಲ ಅರ್ಜಿ ತಿರುಗಿ ಬಂದಿದೆ. ಕಾರಣ: ಅರ್ಜಿದಾರ ಮರಳಿ ಹೋಗುವನೆಂಬ ನಂಬಿಕೆ ಇಲ್ಲ.