ಮಿಂಚುಳ್ಳಿಗೆ ಬಂದ ಉತ್ತರ

ಮುಳಬಾಗಿಲು
೧೬ ನವೆಂಬರ್ ೨೦೦೬, ಗುರುವಾರ

ಚಿರಂಜೀವಿ ಕೃಷ್ಣನಿಗೆ ಅಮ್ಮನ ಆಶೀರ್ವಾದ.

ಭೋಪಾಲದಲ್ಲಿ ಚಳಿ ಶುರುವಾಗಿದೆಯೆಂದು ಪೇಪರಿನಲ್ಲಿ ನೋಡಿದೆ. ನಿನ್ನ ಕೆಮ್ಮು ಹೇಗಿದೆ? ಬೆಳಗಿನ ಜಾವ ಹಕ್ಕಿ ನೋಡಲು ಹೊರಡುವಾಗ ಕಿವಿಗೆ ಮಫ್ಲರ್ ಸುತ್ತಿಕೋ. ನಲವತ್ತು ದಾಟಿತು, ಇನ್ನೂ ನಾನೇ ಹೇಳಬೇಕು. ನನ್ನ ಮಂಡಿನೋವು ಇದ್ದಹಾಗೇ ಇದೆ. ನಿನ್ನ ಅಣ್ಣ ಸುಬ್ಬುವಿಗೆ ಆಫೀಸಿನ ಕೆಲಸ ತಲೆಯ ಮೇಲೆ ಬಂದಿದೆ. ಫೋನಿನಲ್ಲಿ ಹೇಳಬಹುದಾದ ವಿಷಯಕ್ಕೆ ಕಾಗದ ಯಾಕೆ ಅನ್ನುತ್ತೀಯೇನೋ. ಫೋನಿನಲ್ಲಾದರೆ ನೀನು ನಡುವೆ ಬಾಯಿ ಹಾಕುತ್ತೀಯ. ಇದನ್ನು ನೀನು ಕೊನೆಯವರೆಗೂ ಸುಮ್ಮನಿದ್ದು ಕೇಳಬೇಕು.

ಅವನ ಮಗಳು, ನಮ್ಮ ಸೌಪರ್ಣಿಕಾಗೆ ಹತ್ತು ದಿನದಿಂದ ಮೈ ಸರಿಯಿಲ್ಲ. ಜ್ವರ ಮೂರೇ ದಿನಕ್ಕೆ ಬಿಟ್ಟಿತು, ಆದರೆ ಹುಡುಗಿ ಬಾಯಿ ಬಿಡಲಿಲ್ಲ. ನೀನು ಕಳಿಸಿದ್ದ ಬೈನಾಕ್ಯುಲರನ್ನು ಬೀರುವಿನೊಳಗಿಟ್ಟು ಬಟ್ಟೆ ಮುಚ್ಚಿದ್ದಾಳೆ. ಏನಾಯಿತೆಂದು ನಮಗೆ ಅರ್ಧ ಗೊತ್ತಿತ್ತು. ಉಳಿದರ್ಧವನ್ನು ನಿನ್ನೆ ತಾನೇ ಬಂದು ನನ್ನ ಮಡಿಲಲ್ಲಿ ತಲೆಯಿಟ್ಟು ಹೇಳಿದಳು. ಗೊತ್ತಿದ್ದ ಅರ್ಧವನ್ನೇ ಮೊದಲು ಬರೆಯುತ್ತೇನೆ.

ಐದನೇ ತಾರೀಖು ಭಾನುವಾರ, ಬೆಳಗಾಗುವ ಮೊದಲೇ ಎದ್ದು ಸ್ವೆಟರ್ ಹಾಕಿಕೊಂಡು ನಿಂತಿದ್ದಳು. ಎಲ್ಲಿಗೆ ಅಂದೆ. ದೇವರಾಯಸಮುದ್ರದ ಕೆರೆಗೆ, ಹಕ್ಕಿ ನೋಡುವ ಒಬ್ಬ ಅಕ್ಕ ಬರ್ತಾಳೆ ಅಂದಳು. ನಡಿ, ನಾನೂ ಬರ್ತೀನಿ ಅಂದೆ. ಆಗ ಅವಳು, "ಬೇಡ ಅಜ್ಜಿ, ಜನ ಇದ್ರೆ ಹಕ್ಕಿ ಹಾರಿಹೋಗುತ್ತಂತೆ, ಒಬ್ಬಳೇ ಬಾ ಅಂದಿದಾಳೆ," ಅಂದಳು. ಆ 'ಒಬ್ಬಳೇ' ಅನ್ನುವ ಮಾತು ಕೇಳಿ ನಾನು ಚಪ್ಪಲಿ ಮೆಟ್ಟಿಕೊಂಡೆ. ಮೊದಲ ಬಸ್ಸಿಗೆ ಹೋಗಿ ಇಳಿದೆವು. ಅವಳು ಓಡಿ ಕಟ್ಟೆ ಹತ್ತಿದಳು, ನಾನು ಮಂಡಿ ಹಿಡಿದುಕೊಂಡು ಹಿಂದೆ ಉಳಿದೆ. ಕೆರೆಯ ಮೇಲಿನ ಮಂಜು ಇನ್ನೂ ಕರಗಿರಲಿಲ್ಲ. ಹುಣಸೇಮರದ ಕೆಳಗೆ ಬಿಳಿ ವ್ಯಾನು. ಪಕ್ಕದಲ್ಲಿ ನಲವತ್ತರ ಆಸುಪಾಸಿನ ಒಬ್ಬ ಗಂಡಸು, ಇಸ್ತ್ರಿ ಮಾಡಿದ ಷರಟು, ಕ್ರಾಪು ನೀಟಾಗಿ ಬಾಚಿತ್ತು. ಹಕ್ಕಿ ನೋಡಲು ಬಂದವನ ಕೊರಳಲ್ಲಿ ಬೈನಾಕ್ಯುಲರ್ ಇರಲಿಲ್ಲ. ನಾನು ಇನ್ನೂ ಕಟ್ಟೆಯ ಮರೆಯಲ್ಲಿದ್ದೆ. ಅವನು ಮಗುವಿಗೆ ಹೇಳುತ್ತಿದ್ದದ್ದು ಕಿವಿಗೆ ಬಿತ್ತು. "ನೀನೇನಾ ಮಿಂಚುಳ್ಳಿ? ನಾನು ನಂದಿತಕ್ಕನ ಅಣ್ಣ. ಅಕ್ಕಂಗೆ ಜ್ವರ ಬಂದ್ಬಿಟ್ಟಿದೆ, ವ್ಯಾನಲ್ಲಿ ಮಲಗವ್ಳೆ. ರಾ ಪಾಪಾ, ಮಾತಾಡಿಸ್ಕೊಂಡು ಬರುವಂತೆ." ಮಗು ಎರಡು ಹೆಜ್ಜೆ ಇಟ್ಟೂ ಆಗಿತ್ತು.

ನಾನು ಹೇಗೆ ಮೇಲೆ ಹತ್ತಿದೆನೋ ಕಾಣೆ. ಅವಳ ಜಡೆಯನ್ನೇ ಹಿಡಿದೆಳೆದೆ. ಯಾರಪ್ಪಾ ನೀನು ಅಂದರೆ ಅವನು ಗಾಬರಿಯಾಗಲಿಲ್ಲ ಕಣೋ, ನಕ್ಕ. "ಅಜ್ಜಿ ಬರ್ತಾರೆ ಅಂತ ಹೇಳೇ ಇಲ್ವಲ್ಲಾ ಪಾಪಾ," ಅಂದ. ವ್ಯಾನಿನ ಬಾಗಿಲು ಗೇಣಗಲ ತೆರೆದಿತ್ತು. ಒಳಗೆ ಯಾರೂ ಮಲಗಿರಲಿಲ್ಲ. ಹಿಂದಿನ ಸೀಟನ್ನು ಕಿತ್ತು ತೆಗೆದಿದ್ದರು, ನೆಲದ ಮೇಲೆ ಮಡಿಸಿದ ಒಂದು ಕಂಬಳಿ ಇತ್ತು, ಅಷ್ಟೇ. ಅಷ್ಟು ಹೊತ್ತಿಗೆ ಆ ಊರಿನ ಆವಲಪ್ಪ ಎಂಬ ರೈತ ಎಮ್ಮೆ ಹೊಡೆದುಕೊಂಡು ಬಂದ, ನಮ್ಮ ಪುಣ್ಯ. ಅವನನ್ನು ಕಂಡದ್ದೇ ಈ ಮನುಷ್ಯ ವ್ಯಾನು ಹತ್ತಿ ನಂಗಲಿಯ ಕಡೆಗೆ ಹೊರಟುಹೋದ. ಆ ವಾರವೆಲ್ಲ ಒಣಹವೆ, ಗಾಡಿಯ ಮೈಯೆಲ್ಲ ಶುಭ್ರ. ನಂಬರಿನ ಮೇಲೆ ಮಾತ್ರ ಕೆಸರು ಮೆತ್ತಿತ್ತು. ಆವಲಪ್ಪ, "ಯಾವೂರು ಗಾಡಿನಮ್ಮಾ ಅದು? ನಿನ್ನೆ ಸಾಯಂಕಾಲಾನೂ ಬಂದು ಕಟ್ಟೆಯೆಲ್ಲಾ ಸುತ್ತಿ ನೋಡ್ಕೊಂಡು ಹೋಯ್ತು," ಅಂದ. ಸುಬ್ಬು ಠಾಣೆಗೆ ಹೋಗಿ ಎಲ್ಲ ಹೇಳಿದ, ಬರೆದುಕೊಂಡರು. ನಂಬರಿಲ್ಲದ ಗಾಡಿಯನ್ನು ಎಲ್ಲಿ ಹುಡುಕುವುದು?

ಈಗ ಉಳಿದರ್ಧ. ನಿನ್ನ ಹಕ್ಕಿ ಬಳಗ ಇಂಟರ್ನೆಟ್ಟಿನಲ್ಲಿದೆಯಂತೆ, ಇನ್ನೂರು ಜನ ಸದಸ್ಯರಂತೆ, ನೀನೇ ಅದರ ಯಜಮಾನನಂತೆ. ನಮ್ಮ ಕೂಸು ಜುಲೈ ತಿಂಗಳಲ್ಲಿ ಬಸ್‌ಸ್ಟ್ಯಾಂಡಿನ ಹತ್ತಿರದ ಇಂಟರ್ನೆಟ್ ಅಂಗಡಿಗೆ ಹೋಗಿ 'ಮಿಂಚುಳ್ಳಿ' ಅನ್ನುವ ಹೆಸರಿನಲ್ಲಿ ಅದಕ್ಕೆ ಸೇರಿತು. ಅಣ್ಣನ ಮಗಳೆಂದು ಗೊತ್ತಾದರೆ ಚಿಕ್ಕಪ್ಪ ಸುಮ್ಮಸುಮ್ಮನೆ ಹೊಗಳುತ್ತಾನೆ, ಹೆಸರು ಮುಚ್ಚಿಟ್ಟು ಶಭಾಸ್ ಅನ್ನಿಸಿಕೊಳ್ಳಬೇಕು ಅಂತ ಆಸೆ. ಕೆರೆಯಲ್ಲಿ ಗುಲಾಬಿ ಪುಕ್ಕದ ರಾಜಹಂಸ ನೋಡಿದೆನೆಂದು ಬರೆದಳು. ಅದು ಬಣ್ಣದ ಕೊಕ್ಕರೆಯಂತೆ, ಈಗ ಅವಳಿಗೇ ಗೊತ್ತು. ನಿನ್ನ ಉತ್ತರವನ್ನು ಪ್ರಿಂಟ್ ತೆಗೆಸಿ ನೋಟ್‌ಬುಕ್ಕಿನಲ್ಲಿ ಇಟ್ಟುಕೊಂಡಿದ್ದಾಳೆ, ನನಗೆ ಓದಿ ತೋರಿಸಿದಳು. "ಮುಳಬಾಗಿಲಿಗೆ ರಾಜಹಂಸ ಬಂತೇ? ನಾಳೆ ಪೆಂಗ್ವಿನ್ ಬಂದರೆ ಅದನ್ನೂ ತಿಳಿಸಿ. ಇದು ಅಂಗನವಾಡಿ ಅಲ್ಲ, ಪುಸ್ತಕ ಓದಿ ಬನ್ನಿ." ಕೆಳಗೆ ನಿನ್ನ ಹೆಸರು. ಅದರ ಕೆಳಗೆ ಹನ್ನೊಂದು ಜನ ನಕ್ಕಿದ್ದಾರೆ. ಹನ್ನೆರಡನೆಯದು ನಂದಿತಾ ಎಂಬುವಳದು: "ಬೇಸರ ಮಾಡ್ಕೋಬೇಡ ಪುಟ್ಟಾ, ಇವರೆಲ್ಲ ಹಾಗೇನೇ. ನಂಗೆ ಬೇರೆಯಾಗಿ ಬರಿ, ನಾನು ಹೇಳಿಕೊಡ್ತೀನಿ." ಮೂರು ತಿಂಗಳು ಹೇಳಿಕೊಟ್ಟಳಂತೆ. ಆ ನಂದಿತಾ ಯಾರೆಂದು ನಾನು ಕಟ್ಟೆಯ ಮೇಲೆ ನೋಡಿದೆ.

ಮುಖ ಕಾಣದವರನ್ನು ಯಾಕೆ ನಂಬಿದೆ ಮಗಳೇ ಅಂತ ಕೇಳಿದೆ. "ನನ್ನನ್ನ ನೋಡಿ ನಗದೇ ಇದ್ದಿದ್ದು ಅವಳೊಬ್ಬಳೇ ಅಜ್ಜಿ," ಅಂದಳು. ನಿನಗೆ ಹತ್ತು ವರ್ಷವಾಗಿದ್ದಾಗ ಮಾಮೂಲಿ ಹದ್ದನ್ನು ತೋರಿಸಿ ಗರುಡ ಅಂತ ಸ್ಕೂಲೆಲ್ಲ ಕೂಗಿದ್ದೆ. ಮುನಿಯಲ್ಲಪ್ಪ ಮೇಷ್ಟ್ರು ನಗಲಿಲ್ಲ. ಪಂಚೆ ಎತ್ತಿಕಟ್ಟಿ ನಿನ್ನ ಜೊತೆ ಮಾಳಿಗೆ ಹತ್ತಿ, ಬಾಲ ನೋಡೋ, ರೆಕ್ಕೆ ನೋಡೋ ಅಂತ ಒಂದು ಗಂಟೆ ಬಿಸಿಲಲ್ಲಿ ನಿಂತರು. ಅವರು ಅವತ್ತು ನಕ್ಕಿದ್ದರೆ ನೀನು ಈ ಬಳಗ ಕಟ್ಟುತ್ತಿದ್ದೆಯಾ? ನೀನು ಕೆಟ್ಟವನಲ್ಲ, ನನ್ನ ಮಗ, ನನಗೆ ಗೊತ್ತು. ಆದರೆ ಅಂಥವನು ನಿಮ್ಮ ಮಧ್ಯೆ ಕೂತು ಕಾಯುತ್ತಿರುತ್ತಾನೆ, ನೀವು ಯಾವ ಮಗುವನ್ನು ಆಚೆ ನೂಕುತ್ತೀರಿ ಅಂತ.

ಸೌಪರ್ಣಿಕಾಗೆ ಎರಡು ಸಾಲು ಬರಿ. ಕ್ಷಮಿಸು ಅಂತ ಬರೆಯುವುದಕ್ಕೆ ಚಿಕ್ಕಪ್ಪ ಅನ್ನುವ ದೊಡ್ಡಸ್ತಿಕೆ ಅಡ್ಡ ಬಾರದಿರಲಿ. ದೇವರು ನಿನ್ನ ಕಣ್ಣನ್ನು ಎಷ್ಟು ಚುರುಕಾಗಿಟ್ಟಿದ್ದಾನೋ ನಾಲಿಗೆಯನ್ನು ಅಷ್ಟೇ ಮೆದುವಾಗಿಡಲಿ.

ನಿನ್ನ ಅಮ್ಮ,
ಸುಂದರಾಬಾಯಿ

ಮರೆತ ಮಾತಲ್ಲ, ಹೊಸ ಮಾತು. ಶನಿವಾರ ಸಂಜೆ, ಅವಸರದಲ್ಲಿ ಬರೆಯುತ್ತಿದ್ದೇನೆ. ಲಕೋಟೆ ಅಂಟಿಸುವುದರೊಳಗೆ ಸುಬ್ಬು ನಿನ್ನ ಬಳಗವನ್ನು ತೆರೆದು ನೋಡಿದ. ಮಂಗಳವಾರ ಶ್ರೀನಿವಾಸಪುರದ ಮುನಿಲಕ್ಷ್ಮಿ ಅನ್ನುವ ಎಂಟನೇ ಕ್ಲಾಸಿನ ಹುಡುಗಿ ಮಾವಿನ ತೋಪಿನಲ್ಲಿ ಕಂಡ ಒಂದು ಗೂಡಿನ ಬಗ್ಗೆ ಕೇಳಿದ್ದಾಳೆ. "ಕೇಳುವ ಮೊದಲು ಹುಡುಕಿ" ಅಂತ ನೀನು. ಅದರ ಕೆಳಗೆ ಭಾರತಿ ಅಂತ ಹೊಸ ಹೆಸರು, ಬೇಸರ ಮಾಡ್ಕೋಬೇಡ ಪುಟ್ಟಾ ಅನ್ನುವ ಅದೇ ಮಾತು, ಅಕ್ಷರವೂ ಬದಲಾಗಿಲ್ಲ. ನಿನಗೆ ಫೋನ್ ಮಾಡಿದರೆ ಕ್ಯಾಂಪಿಗೆ ಹೋಗಿದ್ದೀಯ, ಸೋಮವಾರ ಬರುತ್ತೀಯ ಅಂದರು. ಆ ಹುಚ್ಚುಹುಡುಗಿ ಶಾಲೆ, ಬೀದಿ ಎಲ್ಲ ಬರೆದುಬಿಟ್ಟಿತ್ತು, ಇವತ್ತು ನಾವೇ ಹೋಗಿ ಮನೆ ಪತ್ತೆ ಮಾಡಿದೆವು. ನಮಗೆ ಸಿಕ್ಕಷ್ಟೇ ಸುಲಭವಾಗಿ ಅವನಿಗೂ ಸಿಗುತ್ತದೆ. ತಾಯಿ ಕದಿರಮ್ಮ ನಂಬಿದಳು, ನಾಳೆ ಮಗಳನ್ನು ಹೊಸ್ತಿಲು ದಾಟಿಸಲ್ಲ ಅಂದಳು. ಹುಡುಗಿ ನಂಬಲಿಲ್ಲ. ಭಾರತಕ್ಕ ಅಂಥೋಳಲ್ಲ ಅಂತ ನನ್ನ ಮೇಲೇ ಸಿಟ್ಟು ಮಾಡಿದಳು. ಅವನ ಹೆಸರನ್ನು ನೀನು ತೆಗೆದುಹಾಕಿದರೆ ಇನ್ನೊಂದು ಹೆಸರಿನಲ್ಲಿ ಬರುತ್ತಾನೆ. ಅವನಿಗಿಂತ ಮೊದಲು ನೀವು ಆ ಮಕ್ಕಳಿಗೆ ಒಳ್ಳೆಯ ಮಾತಾಡಬೇಕು, ಬೇರೆ ದಾರಿ ಇಲ್ಲ. ನಾವು ಹೊರಡುವಾಗ ಹುಡುಗಿ ಬಾಗಿಲಲ್ಲಿ ನಿಂತು, "ಆ ಗೂಡು ಯಾವ ಹಕ್ಕೀದು, ನಿಮಗಾದ್ರೂ ಗೊತ್ತಾ ಅಜ್ಜಿ?" ಅಂತ ಕೇಳಿದಳು. ನನಗೆ ಗೊತ್ತಿರಲಿಲ್ಲ. ನಾಳೆ ಬಂದು ನೋಡಿ ಹೇಳುತ್ತೇನೆಂದು ಆ 'ಭಾರತಿ' ಬರೆದಿದ್ದಾನೆ.