ಅರ್ಧ ಸ್ವರ ಕೆಳಗಿನ ಸಿಡಿ

೧೪ ಡಿಸೆಂಬರ್ ೨೦೦೩, ರವಿವಾರ

ಕ್ರಿಸ್‌ಮಸ್ಸಿಗೆ ನಮ್ಮ ಚರ್ಚಿನಾಗ ಹಾಡೋ, ಸುಮಾರು ಮುನ್ನೂರು ವರ್ಷದ ಹಿಂದಿನ ದೊಡ್ಡ ಜರ್ಮನ್ ಬರೋಕ್ ಕೃತಿದು ಎರಡು ಸಿಡಿ ಸಿಕ್ಕಿದ್ದವು, ಒಂದು ಈಗಿನ ವಾದ್ಯಗಳದ್ದು, ಇನ್ನೊಂದು ಆ ಕಾಲದ ವಾದ್ಯಗಳದ್ದು. ಹಳೇ ಕಾಲದ ವಾದ್ಯಗಳದ್ದೇ ಬೇಕಂತ ಹಟ ಹಿಡದಾಕಿ ನಾನು. ನೋಟೇಶನ್ ಓದಾಕ ಬರದ ನಮ್ಮ ಕ್ವಾಯರ್ ಎರಡು ತಿಂಗಳು ಅದನ್ನ ಕೇಳಿಯೇ ಕಲೀತು.

ಇವತ್ತು ಚರ್ಚಿನ ಆರ್ಗನ್ ಜೋಡಿ ಮೊದಲ ಸಲ ಹಾಡಿದಿವಿ. ಸೋಲೋ ಹಾಡೋ ಸುಮಿತ್ರಕ್ಕನ ದನಿ ಮೇಲಿನ ಸ್ವರದಾಗ ಎಲ್ಲಾರ ಮುಂದ ಒಡೀತು. "ನಂಗ ವಯಸ್ಸಾತು ತಂಗಿ, ಇನ್ನ ನೀನೇ ಹಾಡು" ಅಂತ, ಕನ್ನಡ ಅಕ್ಷರದಾಗ ಜರ್ಮನ್ ಬರಕೊಂಡಿದ್ದ ಹಾಳಿ ನನ್ನ ಕೈಗೆ ಕೊಟ್ಟಳು.

ಮನಿಗೆ ಬರೋ ಗಚ್ಚಿಬೌಲಿ ಬಸ್ಸಿನಾಗ ಸಿಡಿ ಕವರ್ ಓದಿದೆ. ಆ ವಾದ್ಯಗಳ ಶ್ರುತಿ ಈಗಿನ ಆರ್ಗನ್ನಿಗಿಂತ ಅರ್ಧ ಸ್ವರ ಕೆಳಗಂತ. ಅಂದ್ರ ಇವತ್ತು ಆರ್ಗನ್ ಜೋಡಿ ಅಕ್ಕ ಕಲತದ್ದಕ್ಕಿಂತ ಅರ್ಧ ಸ್ವರ ಮ್ಯಾಲೆ ಹಾಡಬೇಕಾತು. ಅಕ್ಕನ ದನಿಗೆ ಏನೂ ಆಗಿಲ್ಲ, ತಪ್ಪು ನಾ ಆರಿಸಿದ ಸಿಡಿದು.

ಅಕ್ಕಗ ಇದನ್ನ ಹೇಳಬೇಕಂತ ಮೂರು ಸಲ ಫೋನ್ ಎತ್ತಿ ಇಟ್ಟೆ. ಆಮ್ಯಾಲೆ ಬಾಗಿಲ ಹಾಕ್ಕೊಂಡು, ಆ ಹಾಳಿ ಹಿಡಕೊಂಡು ನಾನೇ ಹಾಡಿ ನೋಡಿದೆ. ಭಾಳ ಚಂದ ಬಂತು.